ಡ್ರೈವರ್ ಹೆಸರು ಜ್ಞಾನಶೇಖರನ್

ಕ್ಯಾಂಡಿ ರೈಲು ನಿಲ್ದಾಣದಿಂದ ಹೊರಗೆ ಬಂದ ಪರದೇಶದವರು ತವಮಣಿಯ ಆಟೊ ಹತ್ತುವ ಮುಂಚೆ ಒಂದು ಪ್ರಶ್ನೆ ಕೇಳಿಯೇ ಕೇಳುತ್ತಿದ್ದರು. ಮೊಬೈಲು ನೋಡುವುದು, ಆಟೊದ ನಂಬರು ನೋಡುವುದು, ಮತ್ತೆ ಮೊಬೈಲು ನೋಡುವುದು, ಆಮೇಲೆ ನಾಲಿಗೆಗೆ ಒಂದಿಷ್ಟು ಕಸರತ್ತು ಕೊಟ್ಟು “ಗನಾಸೆಕರಾನ್?” ಎನ್ನುವುದು. ಒಬ್ಬೊಬ್ಬರ ಬಾಯಲ್ಲಿ ಅದು ಒಂದೊಂದು ಥರ. ಗಿನಾಸೇಕ ಎಂದವರಿದ್ದಾರೆ, ಬರೀ ಗನಾ ಎಂದು ಕೈಬಿಟ್ಟವರಿದ್ದಾರೆ. ತವಮಣಿ ಎಲ್ಲದಕ್ಕೂ ತಲೆಯಾಡಿಸುತ್ತಿದ್ದಳು.

ಜ್ಞಾನಶೇಖರನ್ ಅವಳ ಗಂಡ. ಹಿಂದಿನ ವೆಸಾಕ್, ಅಂದರೆ ಬುದ್ಧಪೂರ್ಣಿಮೆ ಹಬ್ಬದ ದೀಪಗಳನ್ನು ಇನ್ನೂ ಬೀದಿಯಿಂದ ಇಳಿಸಿರಲಿಲ್ಲ, ಅವನು ಎದೆ ಹಿಡಿದುಕೊಂಡು ಮನೆಯ ಮೆಟ್ಟಿಲ ಮೇಲೆ ಕೂತವನು ಮತ್ತೆ ಏಳಲಿಲ್ಲ. ಆಟೊ ಉಳಿಯಿತು. ಅವನ ಮೊಬೈಲು ಉಳಿಯಿತು. ಮೊಬೈಲಿನೊಳಗೆ ಬಾಡಿಗೆ ಕೊಡಿಸುವ ಆ್ಯಪು, ಆ್ಯಪಿನೊಳಗೆ ಅವನ ಹೆಸರು, ಮೀಸೆ ತೀಡಿಕೊಂಡು ಮದುವೆ ಗಂಡಿನ ಗತ್ತಿನಲ್ಲಿ ಕೂತ ಅವನ ಫೋಟೊ ಎಲ್ಲ ಹಾಗೇ ಉಳಿದವು. ತವಮಣಿಗೆ ಆಟೊ ಓಡಿಸಲು ಬರುತ್ತಿತ್ತು. ಹಟ ಹಿಡಿದು ಕಲಿಸಿದವನೂ ಅವನೇ, ಲೈಸೆನ್ಸು ಮಾಡಿಸಿದವನೂ ಅವನೇ. ಹದಿಮೂರನೆಯ ದಿನ ಕಳೆದ ಮೇಲೆ ಅವಳು ಸೀರೆ ಬದಿಗಿಟ್ಟು ಚೂಡಿದಾರ ಹಾಕಿಕೊಂಡು, ಗಂಡನ ಹೆಸರಿನಲ್ಲೇ ಗಾಡಿ ಹೊರಡಿಸಿದಳು.

ನಿಲ್ದಾಣದ ಬಾಗಿಲಲ್ಲಿ ಸ್ಟ್ಯಾಂಡಿನ ಆಟೊದವರದೇ ದರ್ಬಾರು. ಆ್ಯಪಿನವರು ಅಲ್ಲಿ ಕಾಲಿಟ್ಟರೆ ಜಗಳ. ಹಾಗಾಗಿ ಇವರು ರಸ್ತೆಯಾಚೆ, ಟೀ ಅಂಗಡಿಯ ಪಕ್ಕದ ದೊಡ್ಡ ಮರದ ನೆರಳಲ್ಲಿ ಕಾಯುತ್ತಿದ್ದರು. ಅಲ್ಲಿ ದಿನಾ ಅವಳ ಜೊತೆಗಿರುತ್ತಿದ್ದವನು ರಿಜ್ವಾನ್. ಮುಂದಿನ ಒಂದು ಹಲ್ಲಿಲ್ಲದ, ಬಾಯಿ ಮುಚ್ಚದ ಆಸಾಮಿ.

“ಅಕ್ಕಾ, ನಿನ್ನ ಹೆಸರಲ್ಲೇ ಒಂದು ಖಾತೆ ಮಾಡಿಸ್ಕೊಳ್ಳೇ. ಅರ್ಧ ದಿನದ ಕೆಲಸ. ಲೇಡಿ ಡ್ರೈವರ್ ಅಂದ್ರೆ ಈ ಬಿಳಿ ಹೆಂಗಸರು ಸಾಲು ನಿಲ್ತಾರೆ. ನನಗೆ ಆ ಭಾಗ್ಯ ಇಲ್ಲ, ಮೀಸೆ ಅಡ್ಡ ಬಂತು,” ಎನ್ನುತ್ತಿದ್ದ.

“ಮಾಡಿಸ್ತೀನಿ ಬಿಡು.”

“ಯಾವತ್ತು? ಕಂಪನಿಯೋರು ಆಗಲೇ ಒಂದ್ಸಲ ಗದರಿಸಿದಾರೆ.”

ಅದು ನಿಜ. ಯಾರೋ ದೂರು ಕೊಟ್ಟು, ಕಂಪನಿಯಿಂದ ಸಂದೇಶ ಬಂದಿತ್ತು. ಫೋಟೊದಲ್ಲಿ ಇರುವವರೇ ಗಾಡಿ ಓಡಿಸಬೇಕು, ಇನ್ನೊಂದು ದೂರು ಬಂದರೆ ಈ ಖಾತೆ ಮುಚ್ಚುತ್ತೇವೆ ಎಂದು. ಆ ಸಂದೇಶ ಓದಿದ ದಿನ ತವಮಣಿ ಒಲೆ ಹಚ್ಚಲಿಲ್ಲ. ಸಂಪಾದನೆಯ ಚಿಂತೆ ಅಲ್ಲ ಅದು. ಹೊಸ ಖಾತೆಯಲ್ಲಿ ಸಂಪಾದನೆ ಇನ್ನೂ ಚೆನ್ನಾಗಿಯೇ ಆಗುತ್ತಿತ್ತು, ರಿಜ್ವಾನ್ ಹೇಳಿದ್ದು ಸುಳ್ಳಲ್ಲ. ಆದರೆ ಆ ಖಾತೆ ಮುಚ್ಚಿದರೆ ಅವನ ಹೆಸರು ಕರೆಯುವವರು ಈ ಭೂಮಿಯ ಮೇಲೆ ಇನ್ಯಾರು?

ಮಕ್ಕಳಿಲ್ಲ. ಅವನ ಅಣ್ಣ ಹಟ್ಟನ್ ಕಡೆಯ ಟೀ ತೋಟದಲ್ಲೇ ಕಣ್ಣು ಮುಚ್ಚಿದ. ಅಕ್ಕಪಕ್ಕದವರು ಸತ್ತವನ ಮಾತು ಎತ್ತಿದರೆ ಇವಳಿಗೆ ನೋವಾದೀತು ಎಂದು ಮಾತು ತಿರುಗಿಸುತ್ತಿದ್ದರು, ಪುಣ್ಯಾತ್ಮರು. ಊರಿನ ಗಿರಾಕಿಗಳಂತೂ ನಂಬರು ನೋಡಿ ಹತ್ತಿ ಕೂರುತ್ತಿದ್ದರು, ಹೆಸರಿನ ಗೊಡವೆ ಅವರಿಗೇಕೆ? ಹೆಸರು ಕೇಳುತ್ತಿದ್ದವರು ದೂರದೇಶದಿಂದ ಬಂದ, ಗುರುತುಪರಿಚಯ ಇಲ್ಲದ, ಹೆದರಿಕೊಂಡು ಹುಷಾರಾಗಿ ಓಡಾಡುವ ಈ ಜನ ಮಾತ್ರ. ಅದಕ್ಕೇ ತವಮಣಿ ಊರೊಳಗಿನ ಬಾಡಿಗೆಗಳನ್ನು ಬಿಟ್ಟು ನಿಲ್ದಾಣದೆದುರು ಬಂದು ನಿಲ್ಲುತ್ತಿದ್ದಳು. ರಿಜ್ವಾನ್ ಅದು ಟಿಪ್ಸಿನ ಆಸೆ ಎಂದುಕೊಂಡಿದ್ದ, ಹಾಗೇ ಅಂದುಕೊಳ್ಳಲಿ ಎಂದು ಅವಳೂ ಸುಮ್ಮನೆ ಬಿಟ್ಟಿದ್ದಳು.

ತಾನೇ ಆ ಹೆಸರು ಹೇಳಿಕೊಳ್ಳಬಹುದಿತ್ತಲ್ಲ ಎಂದರೆ, ಅದೊಂದು ಆಗದ ಮಾತು. ಟೀ ತೋಟದ ಕೂಲಿಯವರ ಲೈನು ಮನೆಯಲ್ಲಿ ಹುಟ್ಟಿದ ಹೆಣ್ಣು ಗಂಡನ ಹೆಸರು ಹೇಳುವುದುಂಟೇ? ಹೆಸರು ಹೇಳಿದರೆ ಗಂಡನ ಆಯಸ್ಸು ಸವೆಯುತ್ತದೆ ಎಂದು ಅಮ್ಮ ಮದುವೆಯ ಹಿಂದಿನ ದಿನ ಕಿವಿ ಹಿಂಡಿ ಹೇಳಿದ್ದಳು. ಬದುಕಿದ್ದಷ್ಟು ಕಾಲ ತವಮಣಿ ಅವನನ್ನು “ಏನೂಂದ್ರೆ” ಎಂದೇ ಕರೆದಳು. ಕೊನೆಯ ದಿನ ಹೊತ್ತೊಯ್ದ ಆಸ್ಪತ್ರೆಯಲ್ಲಿ ನರ್ಸು ಹೆಸರು ಕೇಳಿದಾಗಲೂ ಗುರುತಿನ ಚೀಟಿ ಮುಂದೆ ಹಿಡಿದಳೇ ಹೊರತು ಬಾಯಿ ಬಿಡಲಿಲ್ಲ. ಹೆಸರು ಹೇಳದೆ ಇದ್ದರೂ ಆಯಸ್ಸು ಸವೆದೇ ಹೋಯಿತು, ಯಾರನ್ನು ಕೇಳುವುದು?

ಅವನ ಜೊತೆ ಮಾತು ಮಾತ್ರ ನಿಂತಿರಲಿಲ್ಲ. ಕುಡಿದವರು, ಕಣ್ಣು ಸರಿಯಿಲ್ಲದವರು ಗಾಡಿ ಹತ್ತಿದರೆ ತವಮಣಿ ಮೊಬೈಲು ಕಿವಿಗಿಟ್ಟು, “ಏನೂಂದ್ರೆ, ಕೆರೆ ಹತ್ತಿರ ಇದೀನಿ... ಹೌದಾ? ಮೂಲೇಲೇ ನಿಂತಿದೀರಾ? ಸರಿ, ಬಂದೆ,” ಎಂದು ಗಟ್ಟಿಯಾಗಿ ಹೇಳುತ್ತಿದ್ದಳು. ಹಿಂದಿನ ಸೀಟಿನವರು ತೆಪ್ಪಗಾಗುತ್ತಿದ್ದರು. ಒಂದು ಸಲ ಗಿರಾಕಿ ಇಳಿದುಹೋದ ಮೇಲೂ ಅವಳ ಮಾತು ಮುಂದುವರಿದಿತ್ತು. ಬೇಳೆ ಮುಗಿದಿದೆ, ಛಾವಣಿಯ ತಗಡು ಒಂದು ಕಡೆ ಸಡಿಲವಾಗಿದೆ ಎಂದೆಲ್ಲ ಹೇಳಿ ಮುಗಿಸಿದ ಮೇಲೇ ಮೊಬೈಲು ಕೆಳಗಿಟ್ಟಳು.

ಆ ದಿನ ಕೊಲಂಬೊ ರೈಲು ಮಧ್ಯಾಹ್ನ ತಡವಾಗಿ ಬಂತು. ರೊಟ್ಟಿಗೆ ತೆಂಗಿನಕಾಯಿಯ ಖಾರದ ಚಟ್ನಿ, ಸಂಬೋಲ, ಹಚ್ಚಿಕೊಂಡು ಬಾಯಿಗಿಡುವಷ್ಟರಲ್ಲಿ ತವಮಣಿಯ ಮೊಬೈಲು ಕುಂಯ್ ಎಂದಿತು. ಅಂಪಿಟಿಯಾ ಗುಡ್ಡದ ಮೇಲಿನ ಒಂದು ವಸತಿಗೃಹಕ್ಕೆ ಬಾಡಿಗೆ. ಪ್ರಯಾಣಿಕರ ಹೆಸರು ಇವೆತಾ.

ಇವೆತಾ ರಸ್ತೆ ದಾಟಿ ಬಂದಳು. ಐವತ್ತು ದಾಟಿದ ಬಿಳಿ ಹೆಂಗಸು, ಗಂಡಸರ ಹಾಗೆ ಕತ್ತರಿಸಿದ ನರೆಗೂದಲು, ಬೆನ್ನಿಗೊಂದು ಕೆಂಪು ಚೀಲ, ಜೊತೆಗೆ ಯಾರೂ ಇಲ್ಲ. ಬಂದವಳು ನೇರ ಆಟೊದ ಹಿಂದಕ್ಕೆ ಹೋಗಿ ನಂಬರಿನ ಒಂದೊಂದು ಅಂಕಿಯನ್ನೂ ಬೆರಳಿಟ್ಟು ನೋಡಿದಳು. ಫೋಟೊ ತೆಗೆದು ಯಾರಿಗೋ ಕಳಿಸಿದಳು. ಆಮೇಲೆ ಮುಂದೆ ಬಂದು ತವಮಣಿಯ ಮುಖ ನೋಡಿದಳು, ಮೊಬೈಲು ನೋಡಿದಳು, ಒಂದು ಹೆಜ್ಜೆ ಹಿಂದೆ ಸರಿದಳು.

“ನಮ್ಮವರ ಗಾಡಿ. ನನ್ನ ಗಂಡ,” ಎಂದು ತವಮಣಿ ಅರೆಬರೆ ಇಂಗ್ಲಿಷಿನಲ್ಲಿ ನಗುತ್ತಾ ಹೇಳಿದಳು. “ಏನಾಗಲ್ಲ ಮೇಡಂ, ಹತ್ತಿ.” ಎಷ್ಟೋ ಹುಡುಗಿಯರಿಗೆ ಹೇಳಿ ಹೇಳಿ ಬಾಯಿಪಾಠವಾದ ಮಾತು. ಬಹಳಷ್ಟು ಜನ ಇಷ್ಟಕ್ಕೇ, ಅಬ್ಬಾ ಹೆಂಗಸು, ಒಳ್ಳೇದಾಯ್ತು ಎಂದು ಹತ್ತಿ ಕೂತುಬಿಡುತ್ತಿದ್ದರು.

ಇವೆತಾ ಹತ್ತಲಿಲ್ಲ. ಮೊಬೈಲನ್ನು ಎದೆಗೊತ್ತಿಕೊಂಡು, “ಹಾಗಾದ್ರೆ ನಿಮ್ಮ ಗಂಡನ ಹೆಸರು ಹೇಳಿ,” ಎಂದಳು.

ತವಮಣಿ ಅವಳ ಮೊಬೈಲಿನ ಕಡೆ ಕೈ ತೋರಿಸಿದಳು. “ಅದರಲ್ಲೇ ಇದೆಯಲ್ಲ ಮೇಡಂ.”

“ಇದೆ. ನಾನು ಹೇಳಲ್ಲ, ನೀವು ಹೇಳಬೇಕು. ನಾನು ಹೇಳಿದ್ರೆ ಯಾರು ಬೇಕಾದ್ರೂ ಹೌದು ಅಂತಾರೆ.”

ಮಾತು ನ್ಯಾಯವಾಗಿಯೇ ಇತ್ತು. ತವಮಣಿ ಬಾಯಿ ತೆರೆದಳು. ತೆರೆದ ಬಾಯಿಯಿಂದ ಉಸಿರು ಬಂತು, ಹೆಸರು ಬರಲಿಲ್ಲ. ಪರ್ಸಿನಲ್ಲಿ ಅವನ ಹಳೇ ಗುರುತಿನ ಚೀಟಿ ಇತ್ತು, ತಡಕಾಡಿ ತೆಗೆದು ಚಾಚಿದಳು. ಇವೆತಾ ಅದನ್ನು ಮುಟ್ಟಲಿಲ್ಲ.

“ಚೀಟಿ ಬೇಡ. ಗಂಡನ ಹೆಸರು ಹೇಳೋಕೆ ಚೀಟಿ ಯಾಕೆ ಬೇಕು?”

ಏನೆಂದು ಹೇಳುವುದು? ನಮ್ಮಲ್ಲಿ ಹೇಳುವುದಿಲ್ಲ ಎಂದು ಹೇಳಲು ಆ ಗಾಬರಿಯಲ್ಲಿ ತವಮಣಿಯ ಇಂಗ್ಲಿಷು ಸಾಲಲಿಲ್ಲ. ಸಾಲಿದ್ದರೂ ಎದುರಿಗಿದ್ದವಳು ಅದನ್ನು ಹಸೀ ಸುಳ್ಳು ಎಂದುಕೊಳ್ಳುತ್ತಿದ್ದಳು. ಇವೆತಾ ಬಾಡಿಗೆ ರದ್ದು ಮಾಡಿ, ತಿರುಗಿ ರಸ್ತೆ ದಾಟಿ ನಿಲ್ದಾಣದ ಕಡೆಗೇ ನಡೆದಳು. ತವಮಣಿಯ ಮೊಬೈಲಿನಲ್ಲಿ ಕೆಂಪು ಪಟ್ಟಿ ಬಂದು ಹೋಯಿತು. ಇನ್ನು ದೂರು ಬರುತ್ತದೆ, ಸಂಜೆಯೊಳಗೆ ಎಲ್ಲ ಮುಗಿಯುತ್ತದೆ ಎಂದುಕೊಂಡಳು.

ಅಷ್ಟರಲ್ಲಿ ಸ್ಟ್ಯಾಂಡಿನವರು ಇವೆತಾಳನ್ನು ಮುತ್ತಿದ್ದರು. ಎಲ್ಲಿಗೆ ಮೇಡಂ, ಆನೆ ನೋಡ್ತೀರಾ ಮೇಡಂ, ಆ ಹೋಟೆಲು ಮುಚ್ಚಿದೆ ಮೇಡಂ, ನಮ್ಮದೊಂದಿದೆ ಬನ್ನಿ. ಒಬ್ಬನಂತೂ ಕೆಂಪು ಚೀಲದ ಪಟ್ಟಿಗೇ ಕೈ ಹಾಕಿದ. ಇವೆತಾ ಚೀಲ ಕಿತ್ತುಕೊಂಡು, ಗೋಡೆಗೆ ಬೆನ್ನು ಕೊಟ್ಟು, ಮೊಬೈಲು ಕಿವಿಗಿಟ್ಟಳು. ರಸ್ತೆಯಾಚೆಗೂ ಕೇಳುವಷ್ಟು ಗಟ್ಟಿಯಾಗಿ ಇಂಗ್ಲಿಷಿನಲ್ಲಿ ಮಾತಾಡಿದಳು. “ಹಾಂ, ನಿಲ್ದಾಣದ ಬಾಗಿಲಲ್ಲೇ ಇದೀನಿ. ಹೌದು, ಬಂದ್ಬಿಡು. ಸರಿ. ಕಾಯ್ತಿದೀನಿ. ಬೇಗ ಬಾ.”

ತವಮಣಿ ಕೇಳಿಸಿಕೊಂಡಳು. ಆಚೆಯವರು ಮಾತಾಡಲು ಬೇಕಾದಷ್ಟು ಹೊತ್ತನ್ನೇ ಇವೆತಾ ಬಿಡುತ್ತಿರಲಿಲ್ಲ. ಬಾಯಿಪಾಠ ಒಪ್ಪಿಸುವ ಮಗುವಿನ ಹಾಗೆ ಒಂದೇ ಉಸಿರಿಗೆ ಹೇಳುತ್ತಿದ್ದಳು. ಆ ಕಡೆ ಯಾರೂ ಇರಲಿಲ್ಲ. ಈ ವಿದ್ಯೆಯಲ್ಲಿ ತವಮಣಿ ಪಳಗಿದವಳು, ಅವಳಿಗೆ ಗೊತ್ತಾಗದೆ ಇರುತ್ತದೆಯೇ! ಅಯ್ಯೋ ಪಾಪ, ಇವಳಿಗೂ ಯಾರೂ ಇಲ್ಲ ಎಂದು ಅವಳಿಗೆ ತಟ್ಟನೆ ಅನಿಸಿತು. ರೊಟ್ಟಿ ಅಲ್ಲೇ ಬಿಟ್ಟು ಎದ್ದಳು.

“ಅಕ್ಕಾ, ಅವರ ಜಾಗಕ್ಕೆ ಹೋಗ್ಬೇಡ, ಸುಮ್ನೆ ರಗಳೆ!” ಎಂದು ರಿಜ್ವಾನ್ ಕೂಗಿದ. ತವಮಣಿ ಕಿವಿಗೆ ಹಾಕಿಕೊಳ್ಳಲಿಲ್ಲ.

ನೇರ ಹೋಗಿ ಚೀಲಕ್ಕೆ ಕೈ ಹಾಕಿದ್ದವನ ಮುಂದೆ ನಿಂತಳು. “ಏನೋ ಸೆಲ್ವಂ, ನಿಮ್ಮಮ್ಮಂಗೆ ಹೇಳ್ಲಾ? ಹೆಣ್ಣುಮಗಳ ಚೀಲಕ್ಕೆ ಕೈ ಹಾಕ್ತೀಯಲ್ಲ, ನಾಚಿಕೆ ಆಗಲ್ವಾ ನಿನಗೆ?”

“ಏನಕ್ಕಾ ನೀನು, ಬಾಡಿಗೆ ಕೇಳಿದ್ರೂ ತಪ್ಪಾ?”

“ಬಾಯಲ್ಲಿ ಕೇಳು. ಕೈಯಲ್ಲಿ ಯಾಕೆ ಕೇಳ್ತೀಯ?”

ಉಳಿದವರು ಹಲ್ಲು ಕಿರಿದರು, ಸೆಲ್ವಂ ಗೊಣಗುತ್ತಾ ಸರಿದ. ಇವೆತಾ ಇನ್ನೂ ಮೊಬೈಲು ಕಿವಿಗಿಟ್ಟುಕೊಂಡೇ ನಿಂತಿದ್ದಳು, ಆದರೆ ಮಾತು ನಿಂತುಹೋಗಿತ್ತು. ಅವಳ ಕಣ್ಣಿನಲ್ಲಿ ತವಮಣಿಯ ಮೇಲೂ ನಂಬಿಕೆ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ.

ತವಮಣಿ ದುಪಟ್ಟಾದ ಚುಂಗನ್ನು ಮುಷ್ಟಿಯಲ್ಲಿ ಹಿಡಿದಳು. ಕಿವಿ ಬಿಸಿಯಾಯಿತು. ಇನ್ನೇನು ಸವೆಯಲಿಕ್ಕಿದೆ ಎಂದು ತನಗೆ ತಾನೇ ಹೇಳಿಕೊಂಡಳು.

“ಜ್ಞಾನಶೇಖರನ್,” ಎಂದಳು. “ಡ್ರೈವರ್ ಹೆಸರು ಜ್ಞಾನಶೇಖರನ್. ನನ್ನ ಗಂಡ. ಸತ್ತುಹೋದ್ರು.”

ಹೆಸರು ಅಷ್ಟು ಉದ್ದವಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಹೇಳಿ ಮುಗಿಸುವಷ್ಟರಲ್ಲಿ ಕಣ್ಣು ತುಂಬಿ, ಎದುರಿಗಿದ್ದವಳ ಮುಖ ಕಾಣದಾಯಿತು. ಬಿಕ್ಕಿ ಬಿಕ್ಕಿ ಅತ್ತಳು. ನಡುರಸ್ತೆ, ಸ್ಟ್ಯಾಂಡಿನವರೆಲ್ಲ ನೋಡುತ್ತಿದ್ದಾರೆ, ಯಾವುದೂ ಲೆಕ್ಕಕ್ಕೆ ಬರಲಿಲ್ಲ.

ಇವೆತಾ ಮೊಬೈಲು ಕೆಳಗಿಳಿಸಿದಳು. ಇಬ್ಬರೂ ರಸ್ತೆ ದಾಟಿ ಟೀ ಅಂಗಡಿಯ ಬೆಂಚಿನ ಮೇಲೆ ಕೂತರು. ರಿಜ್ವಾನ್ ಏನೂ ಕೇಳದೆ ಎರಡು ಲೋಟ ಹಾಲಿಲ್ಲದ ಟೀ, ಎರಡು ತುಂಡು ಬೆಲ್ಲ ತಂದಿಟ್ಟು ದೂರ ಹೋದ. ಅವನ ಜನ್ಮದಲ್ಲೇ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದು ಅದೇ ಮೊದಲು.

“ನಮ್ಮಲ್ಲಿ ಗಂಡನ ಹೆಸರು ಹೇಳಲ್ಲ,” ಎಂದು ತವಮಣಿ ಮೂಗು ಒರೆಸಿಕೊಂಡು ಇದ್ದಷ್ಟು ಇಂಗ್ಲಿಷಿನಲ್ಲಿ ವಿವರಿಸಿದಳು. “ನೀವೆಲ್ಲ ಹೇಳ್ತೀರಲ್ಲ, ಅದಕ್ಕೇ ನಾನು ಇಲ್ಲಿಗೆ ಬರೋದು.”

ಇವೆತಾ ತಾನೂ ಆ ಹೆಸರು ಹೇಳಲು ನೋಡಿದಳು. ಎರಡು ಸಲ ತಪ್ಪಿತು, ಮೂರನೇ ಸಲಕ್ಕೆ ಹೆಚ್ಚುಕಡಿಮೆ ಬಂತು.

“ಫೋನಲ್ಲಿ ಯಾರಿದ್ರು?” ಎಂದು ತವಮಣಿ ಕೇಳಿದಳು.

ಇವೆತಾಳ ಕತ್ತು ಕೆಂಪಾಯಿತು. “ಯಾರೂ ಇಲ್ಲ.”

“ಗೊತ್ತಾಯ್ತು. ಆ ಕಡೆಯೋರಿಗೂ ಮಾತಾಡೋಕೆ ಬಿಡ್ಬೇಕು. ಕೇಳಿ, ಸ್ವಲ್ಪ ಸುಮ್ನಿರಿ. ಉತ್ತರಕ್ಕೆ ಬೇಕಾದಷ್ಟು ಹೊತ್ತು ಬಿಟ್ಟು ಆಮೇಲೆ ಹಾಂ ಅನ್ನಿ. ಆಗ ನಂಬ್ತಾರೆ.”

ಇವೆತಾ ನಕ್ಕಳು. ನಗು ಅರ್ಧಕ್ಕೆ ನಿಂತಿತು. “ಫೋಟೊ ಕಳಿಸ್ತೀನಲ್ಲ, ಗಾಡಿ ನಂಬರು, ಅದೂ ನನಗೇ ಕಳಿಸ್ಕೊಳ್ಳೋದು. ಇನ್ಯಾರಿದಾರೆ?”

ತವಮಣಿ ತನ್ನ ಬೆಲ್ಲದ ತುಂಡನ್ನೂ ಅವಳ ಕಡೆ ತಳ್ಳಿದಳು. “ಬನ್ನಿ, ಗುಡ್ಡಕ್ಕೆ ಬಿಟ್ಬರ್ತೀನಿ. ದುಡ್ಡು ಬೇಡ.”

“ಬರಲ್ಲ,” ಎಂದಳು ಇವೆತಾ.

ತವಮಣಿಗೆ ಕಪಾಳಕ್ಕೆ ಹೊಡೆದಂತಾಯಿತು. ಹೆಸರು ಹೇಳಿದ್ದಾಯಿತು, ಅತ್ತದ್ದಾಯಿತು, ಇನ್ನೇನು ಬೇಕಂತೆ ಈ ಹೆಂಗಸಿಗೆ?

“ನಿಮ್ಮ ಮಾತು ನಂಬ್ತೀನಿ. ಆದ್ರೂ ಬರಲ್ಲ. ಒಳ್ಳೆಯೋರು ಅನಿಸ್ತು ಅಂತ ನಾನು ಯಾರ ಗಾಡೀನೂ ಹತ್ತಲ್ಲ. ಕೆಟ್ಟೋನೂ ಒಳ್ಳೆಯೋನ ಹಾಗೇ ಮಾತಾಡ್ತಾನೆ.” ಇವೆತಾ ಲೋಟ ಕೆಳಗಿಟ್ಟಳು. “ಎಷ್ಟು ಹುಡುಗೀರು ಹತ್ತಿದಾರೆ ನಿಮ್ಮ ಗಾಡಿ?”

“ಲೆಕ್ಕ ಇಟ್ಟಿಲ್ಲ. ಸುಮಾರು ಜನ. ಒಬ್ಬರಿಗೂ ಒಂದು ಗೀರು ಬಿದ್ದಿಲ್ಲ, ಮನೆ ಮಕ್ಕಳ ಹಾಗೆ ಬಿಟ್ಟು ಬಂದಿದೀನಿ.”

“ನಿಮ್ಮಿಂದ ಏನೂ ಆಗಿಲ್ಲ, ಸರಿ. ಆದ್ರೆ ಮುಖ ಬೇರೆ ಇದ್ರೂ ಏನಾಗಲ್ಲ, ಹತ್ತಿ ಅಂತ ಅವರಿಗೆ ಹೇಳಿಕೊಟ್ಟೋರು ನೀವು. ನಾಳೆ ಇನ್ಯಾವುದೋ ಊರಲ್ಲಿ, ಇನ್ಯಾವನೋ ಬಂದು, ಅಣ್ಣನ ಗಾಡಿ, ಏನಾಗಲ್ಲ ಹತ್ತಿ ಅಂತಾನೆ. ಆ ಹುಡುಗಿ ಹತ್ತಿಬಿಡ್ತಾಳೆ.”

ಹಿಂದಿನ ವಾರ ತವಮಣಿಯ ಗಾಡಿಗೆ ಇಬ್ಬರು ಹುಡುಗಿಯರು ಹತ್ತಿದ್ದರು. ಅವರಲ್ಲಿ ಚಿಕ್ಕವಳು ಅನುಮಾನದಿಂದ ನಿಂತುಬಿಟ್ಟಿದ್ದಳು. ತವಮಣಿಯೇ ಅವಳ ಕೆನ್ನೆ ಸವರಿ, ಹೆದರಬೇಡ ಮಗಾ ಎಂದು ಕೈ ಹಿಡಿದು ಹತ್ತಿಸಿದ್ದಳು. ಆ ಹುಡುಗಿಯ ಮುಖ ಈಗ ಕಣ್ಣಿಗೆ ಕಟ್ಟಿತು. ಅವಳು ಎಲ್ಲಿದ್ದಾಳೋ, ಯಾವ ಊರಿನ ಯಾವ ಗಾಡಿಯ ಮುಂದೆ ನಿಂತಿದ್ದಾಳೋ!

ಇವೆತಾ ಮತ್ತೆ ಆ್ಯಪಿನಲ್ಲಿ ಗಾಡಿ ಕರೆದಳು. ಆ ಬಾಡಿಗೆ ಮರದಡಿ ನಿಂತಿದ್ದ ರಿಜ್ವಾನನಿಗೇ ಬಂತು. ಇವೆತಾ ಎದ್ದು ಹೋಗಿ ನಂಬರು ನೋಡಿದಳು, ಮುಖ ನೋಡಿದಳು, ಹೆಸರು ಕೇಳಿದಳು.

“ರಿಜ್ವಾನ್, ಮೇಡಂ. ಫೋಟೊದಲ್ಲಿ ಹಲ್ಲಿದೆ, ಈಗಿಲ್ಲ. ಬೇರೆಲ್ಲ ಕಂಪನಿ ಮಾಲೇ,” ಎಂದು ಅವನು ಬಾಯಿ ಅಗಲಿಸಿ ತೋರಿಸಿದ.

ಹತ್ತುವ ಮೊದಲು ಇವೆತಾ ತವಮಣಿಯ ಕೈ ಹಿಡಿದುಕೊಂಡಳು. “ನಾನು ದೂರು ಕೊಡ್ಬೇಕಿತ್ತು. ಕೊಡಲ್ಲ. ನೀವೇ ಮುಚ್ಚಿಸಿ.”

ಆಟೊ ಕೆರೆಯ ಕಡೆ ತಿರುಗಿ ಮರೆಯಾಯಿತು. ತವಮಣಿ ಆ ದಿನ ಮತ್ತೆ ಬಾಡಿಗೆ ಹಿಡಿಯಲಿಲ್ಲ. ರಾತ್ರಿ ಮಲಗಿದರೂ ನಿದ್ದೆ ಹತ್ತಲಿಲ್ಲ. ಮುಚ್ಚಿಸುವುದು ಬೇಡ, ಇನ್ನೊಂದು ವಾರ ಇರಲಿ, ಮೊದಲ ತಿಥಿಯವರೆಗಾದರೂ ಇರಲಿ ಎಂದು ಹೊರಳಾಡಿದಳು. ಯಾರಿಗೂ ಗೊತ್ತಾಗುವುದಿಲ್ಲವಲ್ಲ. ಆದರೆ ಪ್ರತಿ ಸಲವೂ ಕೆನ್ನೆ ಸವರಿಸಿಕೊಂಡ ಆ ಹುಡುಗಿ ಬಂದು ಎದುರಿಗೆ ನಿಲ್ಲುತ್ತಿದ್ದಳು.

ಬೆಳಗ್ಗೆ ಕಂಪನಿಯ ಕಚೇರಿಗೆ ಹೋದಳು. ಕೌಂಟರಿನ ಹುಡುಗಿ ತಲೆಯೆತ್ತದೆ, “ಹಳೇ ಖಾತೆ ಯಾರ ಹೆಸರಲ್ಲಿದೆ ಅಮ್ಮಾ?” ಎಂದು ಕೇಳಿದಳು. ಒಂದು ಸಲ ಹೇಳಿದ ಹೆಸರು, ಎರಡನೇ ಸಲ ಸಲೀಸಾಗಿ ಬರಬೇಕಿತ್ತು. ಬರಲಿಲ್ಲ. ಆದರೂ ಹೇಳಿದಳು. ಹುಡುಗಿ ಏನೋ ಒತ್ತಿದಳು. ಮೊಬೈಲಿನಲ್ಲಿದ್ದ ಮೀಸೆಯ ಫೋಟೊ ಮಾಯವಾಗಿ, ಅಲ್ಲೊಂದು ಬೂದು ಬಣ್ಣದ ಖಾಲಿ ತಲೆ ಬಂತು.

“ಇಷ್ಟೇನಾ?”

“ಇಷ್ಟೇ ಅಮ್ಮಾ. ಹೊಸದಕ್ಕೆ ನಿಮ್ಮ ಫೋಟೊ ಬೇಕು.”

ಫೋಟೊ ತೆಗೆದವನು ರಿಜ್ವಾನ್. “ನಗೇ ಅಕ್ಕಾ, ಪೊಲೀಸ್ ಠಾಣೇಲಿ ಅಂಟಿಸೋ ಫೋಟೊ ಥರ ಇದೆ,” ಎಂದು ಗದರಿಸಿದ. ಅವಳು ನಗಲಿಲ್ಲ. ಹಾಗೇ ತೆಗೆದ.

ಹೊಸ ಖಾತೆಯ ಮೊದಲ ಗಿರಾಕಿ ಒಬ್ಬ ಒಂಟಿ ಹುಡುಗಿ, ಬೆನ್ನಿನ ಮೇಲೆ ತನಗಿಂತ ದೊಡ್ಡ ಚೀಲ. ನಂಬರು ನೋಡಿ, ಮುಖ ನೋಡಿ, ನಾಲಿಗೆ ಹೊರಳಿಸಿ, “ತಾವಾಮಾನಿ?” ಎಂದಳು. ತವಮಣಿ ಅಭ್ಯಾಸಬಲದಿಂದ ತಲೆಯಾಡಿಸಲು ಹೋಗಿ ತಡೆದುಕೊಂಡಳು.

“ಹೌದು, ನಾನೇ,” ಎಂದಳು. “ಆದ್ರೆ ಮಗಾ, ಹೆಸರು ನೀನು ಹೇಳ್ಬೇಡ. ಡ್ರೈವರ್ ಬಾಯಿಂದ ಹೇಳಿಸು. ಎಲ್ಲಿಗೆ ಹೋದ್ರೂ ಹಾಗೇ ಮಾಡು.”

ಹುಡುಗಿ ಬೆಪ್ಪಾಗಿ ನೋಡಿ, ಥ್ಯಾಂಕ್ಸ್ ಎಂದು ಹತ್ತಿದಳು.

ಬಾಡಿಗೆಗಳು ಬಂದವು. ರಿಜ್ವಾನ್ ಹೇಳಿದಂತೆ ಹೆಂಗಸರೇ ಹೆಚ್ಚು. ಇಡೀ ದಿನ ಒಬ್ಬರಾದ ಮೇಲೊಬ್ಬರು ಅವಳ ಹೆಸರು ಕರೆದರು, ಅವನ ಹೆಸರನ್ನು ಯಾರೂ ಕರೆಯಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಅವಳು ಮಹಯ್ಯಾವ ಬಡಾವಣೆಯ ತನ್ನ ಮನೆಯ ಮುಂದೆ ಆಟೊ ನಿಲ್ಲಿಸಿ ಎಂಜಿನ್ ಆರಿಸಿದಳು. ಪಕ್ಕದ ಮನೆಯಲ್ಲಿ ಯಾರೋ ಒಗ್ಗರಣೆ ಹಾಕುತ್ತಿದ್ದರು. ಒಳಗೆ ಹೋಗಲು ಮನಸ್ಸಾಗಲಿಲ್ಲ. ಇಳಿದು, ಸುತ್ತು ಬಂದು, ಹಿಂದಿನ ಸೀಟಿನಲ್ಲಿ ಗಿರಾಕಿಯ ಹಾಗೆ ಕೂತಳು. ಮುಂದೆ ಅವನ ಬೆನ್ನು ಒರಗಿ ಒರಗಿ ಹೊಳಪು ಬಂದಿದ್ದ ಸೀಟಿನ ಒರಗು ಕಾಣುತ್ತಿತ್ತು.

“ಜ್ಞಾನಶೇಖರನ್?” ಎಂದು ಕೇಳಿದಳು.

ಉತ್ತರಕ್ಕೆ ಬೇಕಾದಷ್ಟು ಹೊತ್ತು ಬಿಟ್ಟಳು. ತಲೆಯಾಡಿಸಲು ಮುಂದೆ ಯಾರೂ ಇರಲಿಲ್ಲ.